ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನು ಎಷ್ಟರವರೆಗೆ ರೇಸ್ ಮಾಡಬಹುದು? ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿನ ನಿದರ್ಶನ

ಮೂವತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರನ್ನು ಕೊಂಡವರು ಕೆಲವು ವಾರಗಳಲ್ಲೇ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಅಂಕಿ) ಮೀಟರಿನ ಕೆಂಪು ಪಟ್ಟಿಯವರೆಗೂ ಮುಳ್ಳನ್ನು ಓಡಿಸಬಹುದೇ, ಅಥವಾ ವಯಸ್ಸಾದ ಎಂಜಿನ್ನಿಗೆ ಅರ್ಧದಷ್ಟೇ ಸಾಕೇ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಆರೋಗ್ಯವಾಗಿದ್ದು, ಆಯಿಲ್ ಪೂರ್ತಿ ಬಿಸಿಯಾಗಿದ್ದು, ಡಿಪ್‌ಸ್ಟಿಕ್ಕಿನಲ್ಲಿ ಅದರ ಮಟ್ಟ ಮೇಲಿನ ಗುರುತಿನ ಹತ್ತಿರವಿದ್ದರೆ ಕೆಂಪು ಪಟ್ಟಿ ಆರಂಭವಾಗುವವರೆಗೆ ಆಗೊಮ್ಮೆ ಈಗೊಮ್ಮೆ ಹೋಗುವುದರಲ್ಲಿ ತಪ್ಪಿಲ್ಲ. ಆಯಿಲ್ ತಣ್ಣಗಿದ್ದರೆ ಅಥವಾ ಕಡಿಮೆಯಿದ್ದರೆ 4,000 ಆರ್‌ಪಿಎಂ ಕೂಡ ಹೆಚ್ಚೇ. ಹಳೆಯ ಎಂಜಿನ್ನುಗಳನ್ನು ಕೊಲ್ಲುವುದು ವೇಗವೊಂದೇ ಅಲ್ಲ. ತಣ್ಣನೆಯ ಆಯಿಲಿನಲ್ಲಿ ಅಥವಾ ಕಡಿಮೆ ಆಯಿಲಿನಲ್ಲಿ ಪಡೆದ ವೇಗ, ಮತ್ತು ತಪ್ಪು ಗೇರಿಗೆ ಬಿದ್ದ ಕೈ.

ಎಲ್ಲ ಕಾರುಗಳಿಗೂ ಅನ್ವಯಿಸುವ ಒಂದೇ ಅಂಕಿ ಇಲ್ಲದಿರುವುದರಿಂದ ಇಲ್ಲಿ ಒಂದು ಕಾರನ್ನು ಹಿಡಿದು ವಿವರಿಸುತ್ತೇನೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿಗೆ ಅಮೆರಿಕದಲ್ಲಿ ಮಿಯಾಟ ಎಂದೂ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದೂ ಹೆಸರು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರು ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಮನಸ್ಸು ಮಾಡಿದರೆ ಸುಲಭವಾಗಿ ಸಿಗುವ ಕಾರುಗಳಲ್ಲಿ ಇದೂ ಒಂದು. ಇದರ 1.6 ಲೀಟರ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್, ವಾಲ್ವುಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್, ಹದಿನಾರು ವಾಲ್ವುಗಳಿವೆ. ಸಿಲಿಂಡರಿನ ವ್ಯಾಸ 78 ಮಿ.ಮೀ., ಪಿಸ್ಟನ್ ಚಲಿಸುವ ದೂರ 83.6 ಮಿ.ಮೀ. ಗರಿಷ್ಠ ಶಕ್ತಿ 6,500 ಆರ್‌ಪಿಎಂನಲ್ಲಿ, ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 5,500ರಲ್ಲಿ ದೊರೆಯುತ್ತದೆ. ಕೆಂಪು ಪಟ್ಟಿ 7,000ದ ಬಳಿ ಶುರುವಾಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲಕ್ಕೆ ಹೋದರೆ ಕಂಪ್ಯೂಟರ್ ಇಂಧನವನ್ನು ಕಡಿದುಹಾಕುತ್ತದೆ.

ಕೆಂಪು ಪಟ್ಟಿ ಏನನ್ನು ಹೇಳುತ್ತದೆ

7,000 ಆರ್‌ಪಿಎಂನಲ್ಲಿ ಪ್ರತಿ ಪಿಸ್ಟನ್ ಸೆಕೆಂಡಿಗೆ 116ಕ್ಕೂ ಹೆಚ್ಚು ಬಾರಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಪ್ರತಿ ಸಲವೂ ಅದು ಮೇಲಿನ ತುದಿಯಲ್ಲಿ ನಿಂತು ದಿಕ್ಕು ಬದಲಿಸಬೇಕು. ಆ ಕ್ಷಣದಲ್ಲಿ ಅದರ ಮೇಲಿನ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಸುಮಾರು 3,000 ಪಟ್ಟು. ಅಂದರೆ 300 ಗ್ರಾಂ ತೂಗುವ ಪಿಸ್ಟನ್ ಒಂದು ತನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡನ್ನು ಹೆಚ್ಚು ಕಡಿಮೆ 900 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಈ ಬಲ ವೇಗದ ಜೊತೆಗೆ ಸಮನಾಗಿ ಏರದೆ ವೇಗದ ವರ್ಗದಂತೆ ಏರುತ್ತದೆ ಎಂಬುದೇ ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ. 3,500ರಲ್ಲಿ ಇರುವುದರ ನಾಲ್ಕು ಪಟ್ಟು ಬಲ 7,000ದಲ್ಲಿರುತ್ತದೆ. 7,000ದಿಂದ 8,000ಕ್ಕೆ ಹೋದರೆ ಮತ್ತೆ ಶೇಕಡ 30ರಷ್ಟು ಕೂಡಿಕೊಳ್ಳುತ್ತದೆ. ಕೊನೆಯ ಸಾವಿರ ಸುತ್ತುಗಳು ಮೊದಲ ಸಾವಿರದಂತಲ್ಲ ಎಂದು ಮೆಕ್ಯಾನಿಕ್ಕುಗಳು ಎಚ್ಚರಿಸುವುದರ ಹಿಂದಿರುವ ಲೆಕ್ಕ ಇದು.

ಎರಡನೆಯ ಮಿತಿ ವಾಲ್ವುಗಳದ್ದು. ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಮುಚ್ಚುವ ಕೆಲಸ ಸ್ಪ್ರಿಂಗಿನದು. ಒಂದು ವೇಗವನ್ನು ಮೀರಿದ ಮೇಲೆ ಸ್ಪ್ರಿಂಗಿಗೆ ಕ್ಯಾಮಿನ ಜೊತೆ ಹೆಜ್ಜೆ ಹಾಕಲಾಗದೆ ವಾಲ್ವು ತೇಲತೊಡಗುತ್ತದೆ. ಸ್ಪ್ರಿಂಗು ಹಳತಾದಷ್ಟೂ ಈ ವೇಗ ಕೆಳಗಿಳಿಯುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಕೆಂಪು ಪಟ್ಟಿ ಬರೆದಾಗ ಮೇಲೆ ಬಿಟ್ಟಿದ್ದ ಅಂತರ ಇಂದಿಗೂ ಅಷ್ಟೇ ಉಳಿದಿದೆ ಎಂದು ಲೆಕ್ಕ ಹಾಕಬಾರದು.

ಬೇರೆ ಕಾರುಗಳ ಜೊತೆ ಹೋಲಿಸಲು ಪಿಸ್ಟನ್ನಿನ ಸರಾಸರಿ ವೇಗ ಒಳ್ಳೆಯ ಅಳತೆ: ಪಿಸ್ಟನ್ ಚಲಿಸುವ ದೂರದ ಎರಡರಷ್ಟನ್ನು ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಬೇಕು. ಎಂಎಕ್ಸ್-5 ಕಾರಿಗೆ 7,000ದಲ್ಲಿ ಇದು ಸೆಕೆಂಡಿಗೆ ಸುಮಾರು 19.5 ಮೀಟರ್. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿನ 1,798 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ 88.9 ಮಿ.ಮೀ. ಚಲಿಸುತ್ತದೆ, 5,500 ಆರ್‌ಪಿಎಂನಲ್ಲಿ ಅದರ ವೇಗ 16.3 ಮೀಟರ್ ಮಾತ್ರ. ಹೊಂಡಾ ಎಸ್2000 ಕಾರಿನ ಎರಡು ಲೀಟರ್ ಎಂಜಿನ್ 9,000ದ ಸುಮಾರಿಗೆ ಓಡುವಾಗ ಅದೇ ಅಂಕಿ 25 ಮೀಟರ್ ದಾಟುತ್ತದೆ. ಪಿಸ್ಟನ್ ಚಲಿಸುವ ದೂರದಲ್ಲಿ ಈ ಮೂರರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲ ಎಂಬುದನ್ನು ಗಮನಿಸಿ. ವ್ಯತ್ಯಾಸವಿರುವುದು ರಾಡು, ಬೋಲ್ಟು, ವಾಲ್ವು ತೆರೆಯುವ ವ್ಯವಸ್ಥೆಗಳನ್ನು ಯಾವ ಮಟ್ಟದಲ್ಲಿ ಮಾಡಿದ್ದಾರೆ ಎಂಬುದರಲ್ಲಿ. ಎಂಜಿಬಿಯಲ್ಲಿ ವಾಲ್ವು ತೆರೆಯಲು ಪುಶ್‌ರಾಡು ಎಂಬ ಉದ್ದನೆಯ ಸರಳುಗಳಿವೆ, 1964ರವರೆಗಿನವುಗಳಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡಲು ಮೂರೇ ಮುಖ್ಯ ಬೇರಿಂಗುಗಳಿವೆ, ಶಕ್ತಿಯೂ 5,400ರ ಸುಮಾರಿಗೆ ಮುಗಿದುಹೋಗುತ್ತದೆ. ಎಂಜಿಬಿಯನ್ನು 5,500ರ ಮೇಲೆ ಎಳೆಯುವುದರಿಂದ ಸದ್ದು ಹೆಚ್ಚುವುದೇ ಹೊರತು ಕಾರು ಮುಂದೆ ಹೋಗುವುದಿಲ್ಲ. ಒಂದು ಕಾರಿನ ಮಾಲೀಕ ಕೊಟ್ಟ ಸಲಹೆಯನ್ನು ಇನ್ನೊಂದು ಕಾರಿಗೆ ಹಾಗೆಯೇ ಅನ್ವಯಿಸಬಾರದೆಂದು ಹೇಳುವುದು ಇದೇ ಕಾರಣಕ್ಕೆ.

ರೇಸ್ ಮಾಡುವ ಮೊದಲು ನೋಡಬೇಕಾದವು

ಕಾರು ಹೊಸದಾಗಿ ನಿಮ್ಮ ಕೈಗೆ ಬಂದಿದ್ದರೆ ಮೊದಲ ಕೆಲಸ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು. ಹಿಂದಿನ ಮಾಲೀಕರು ಹೇಳಿದ ತಾರೀಖನ್ನು ನಂಬಿ ಕೂರಬೇಡಿ. ಈ ಎಂಜಿನ್ನಿನ ವಾಲ್ವುಗಳ ಸಡಿಲವನ್ನು ಆಯಿಲಿನ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಭಾಗಗಳು ಸರಿಪಡಿಸಿಕೊಳ್ಳುತ್ತವೆ. ಆಯಿಲ್ ಹಳತಾಗಿದ್ದರೆ ಅಥವಾ ಕಡಿಮೆಯಿದ್ದರೆ ಅವು ಟಕಟಕ ಎಂದು ಸದ್ದು ಮಾಡುತ್ತವೆ. ಸ್ಟಾರ್ಟ್ ಮಾಡಿದ ಕೂಡಲೇ ಕೇಳಿ ಕೆಲವು ಸೆಕೆಂಡುಗಳಲ್ಲಿ ನಿಲ್ಲುವ ಸದ್ದಿನಿಂದ ಗಾಬರಿಯಾಗಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸದ್ದು ಮುಂದುವರಿದರೆ ಅದು ಸರಿಹೋಗುವವರೆಗೆ ಹೆಚ್ಚು ಆರ್‌ಪಿಎಂ ಬೇಡ. ಸದ್ದು ಟಕಟಕ ಎನ್ನದೆ, ಕೆಳಗಿನಿಂದ ಬರುವ ಭಾರವಾದ ಗುದ್ದಿನಂತಿದ್ದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿದರೆ, ಅದು ರಾಡಿನ ಬೇರಿಂಗಿನ ದೂರು. ಅಂಥ ಕಾರನ್ನು ಓಡಿಸುವುದನ್ನೇ ನಿಲ್ಲಿಸಬೇಕು.

1991ರ ಆರಂಭದವರೆಗಿನ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂಗು ಗಿಡ್ಡ. ಅಲ್ಲಿರುವ ಪುಲ್ಲಿಯ ಬೋಲ್ಟು ಸಡಿಲವಾದರೆ ಪುಲ್ಲಿಯನ್ನು ಹಿಡಿದಿಡುವ ಕೀಲಿ ಕೂರುವ ತೋಡು ಸವೆದು, ಪುಲ್ಲಿ ಅಲುಗಾಡಿ, ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಹಾಳಾಗುವುದುಂಟು. ಎಂಜಿನ್ ಐಡಲಿನಲ್ಲಿರುವಾಗ ಮುಂದಿನಿಂದ ಟಾರ್ಚು ಬಿಟ್ಟು ಪುಲ್ಲಿ ನೇರವಾಗಿ ತಿರುಗುತ್ತಿದೆಯೇ, ಓಲಾಡುತ್ತಿದೆಯೇ ಎಂದು ನೋಡಿ. ಎರಡು ನಿಮಿಷದ ಕೆಲಸ. ಆದರೆ ಓಲಾಟ ಕಂಡರೆ ಉಳಿದ ಸಲಹೆಗಳಿಗೆ ಅರ್ಥವೇ ಉಳಿಯುವುದಿಲ್ಲ.

ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವ ಟೈಮಿಂಗ್ ಬೆಲ್ಟು ರಬ್ಬರಿನದು. ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕೆಂಬುದು ವಾಡಿಕೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಆ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ರಬ್ಬರಿಗೆ ನಿಂತಲ್ಲೇ ವಯಸ್ಸಾಗುತ್ತದೆ. ಈ 1.6 ಎಂಜಿನ್ನಿನಲ್ಲಿ ಬೆಲ್ಟು ತುಂಡಾದರೂ ಪಿಸ್ಟನ್ನು ವಾಲ್ವಿಗೆ ತಾಗುವುದಿಲ್ಲ ಎಂಬುದೊಂದು ಸಮಾಧಾನ. ಪೋರ್ಶೆ 944 ಕಾರಿನವರಿಗೆ ಆ ಸಮಾಧಾನವೂ ಇಲ್ಲ, ಅಲ್ಲಿ ತಾಗುತ್ತದೆ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಕಪ್ಪು ಬಣ್ಣ ಕಳೆದುಕೊಂಡು ಕಂದಾಗಿದ್ದರೆ ಅದು ಬಿರಿಯುವ ದಿನ ಹತ್ತಿರವಿದೆ ಎಂದು ತಿಳಿದು ಬದಲಿಸಿ. ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು. ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು.

ಆರ್‌ಪಿಎಂ ಮೀಟರನ್ನು ಕುರುಡಾಗಿ ನಂಬಬಾರದು. ಅದನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಐದು ಗೇರುಗಳ ಈ ಕಾರಿನಲ್ಲಿ ನಾಲ್ಕನೆಯ ಗೇರಿನ ಅನುಪಾತ ಸರಿಯಾಗಿ ಒಂದು, ಹಿಂದಿನ ಡಿಫರೆನ್ಷಿಯಲ್ಲಿನದು 4.3. ಮೂಲ ಅಳತೆಯ 14 ಇಂಚಿನ ಟಯರುಗಳಿದ್ದರೆ, ಫೋನಿನ ಜಿಪಿಎಸ್ 100 ಕಿ.ಮೀ. ವೇಗ ತೋರಿಸುವಾಗ ನಾಲ್ಕನೆಯ ಗೇರಿನಲ್ಲಿ ಮುಳ್ಳು 4,000ದ ಆಸುಪಾಸಿನಲ್ಲಿ, ಐದರಲ್ಲಿ 3,300ರ ಆಸುಪಾಸಿನಲ್ಲಿರಬೇಕು. ಫೋನನ್ನು ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದು. ಮುಳ್ಳು ಮುನ್ನೂರು ನಾನೂರು ಕಡಿಮೆ ತೋರಿಸುತ್ತಿದ್ದರೆ ನೀವು 7,000 ಎಂದುಕೊಂಡದ್ದು ನಿಜವಾಗಿ ಅದಕ್ಕಿಂತ ಸಾಕಷ್ಟು ಮೇಲೆ ಇರುತ್ತದೆ.

ಬಿಸಿ ಮಾಡುವ ಕ್ರಮ

ಇಡೀ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಡ್ಯಾಶ್‌ಬೋರ್ಡಿನಲ್ಲಿರುವ ಉಷ್ಣತೆಯ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು, ಆಯಿಲಿನ ಬಿಸಿಯನ್ನಲ್ಲ. ಕೂಲೆಂಟು ಐದಾರು ನಿಮಿಷಗಳಲ್ಲಿ ಬಿಸಿಯಾದರೆ ಆಯಿಲಿಗೆ ಅದರ ಎರಡು ಮೂರು ಪಟ್ಟು ಸಮಯ ಬೇಕು. ಅಲ್ಲಿಯವರೆಗೆ ಅದು ಮಂದವಾಗಿರುತ್ತದೆ. ಹೆಚ್ಚು ವೇಗದಲ್ಲಿ ಪಂಪಿನ ಒತ್ತಡ ಮಿತಿಮೀರಿ, ಹೆಚ್ಚುವರಿ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವು ತೆರೆದುಕೊಳ್ಳುತ್ತದೆ, ಫಿಲ್ಟರಿನ ಬೈಪಾಸ್ ತೆರೆದು ಸೋಸದ ಆಯಿಲೇ ಬೇರಿಂಗುಗಳಿಗೆ ಹೋಗುತ್ತದೆ. ಮೀಟರಿನಲ್ಲಿ ಒತ್ತಡ ಚೆನ್ನಾಗಿ ಕಂಡರೂ ಬೇರಿಂಗಿನ ಕಿರಿದಾದ ಸಂದಿಗಳಲ್ಲಿ ಆಯಿಲ್ ಹರಿಯುವ ಪ್ರಮಾಣ ಕಡಿಮೆಯೇ. ಇದರ ಜೊತೆಗೆ ಅಲ್ಯೂಮಿನಿಯಂ ಪಿಸ್ಟನ್ನು ಕಬ್ಬಿಣದ ಬ್ಲಾಕಿಗಿಂತ ಬೇಗ ಹಿಗ್ಗುವುದರಿಂದ, ಎರಡೂ ಸಮವಾಗಿ ಬಿಸಿಯಾಗುವ ಮೊದಲು ಜೋರು ಮಾಡುವುದು ಸವೆತಕ್ಕೆ ಆಹ್ವಾನ.

ಹಾಗೆಂದು ಕಾರನ್ನು ಮನೆಯ ಮುಂದೆ ಹತ್ತು ನಿಮಿಷ ಐಡಲಿನಲ್ಲಿ ನಿಲ್ಲಿಸುವುದೂ ಸರಿಯಲ್ಲ. ಐಡಲಿನಲ್ಲಿ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಅಷ್ಟು ಹೊತ್ತೂ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತಿರುತ್ತದೆ. ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟು ಹಾಕಿಕೊಳ್ಳುವಷ್ಟರಲ್ಲಿ ಆಯಿಲಿನ ಒತ್ತಡ ಬಂದಿರುತ್ತದೆ, ಹೊರಡಿ. ಕೂಲೆಂಟಿನ ಮುಳ್ಳು ತನ್ನ ಜಾಗಕ್ಕೆ ಬರುವವರೆಗೆ 3,000 ದಾಟಬೇಡಿ. ಅದಾದ ಮೇಲೆ ಇನ್ನೂ ಹತ್ತು ನಿಮಿಷ, ಚಳಿಗಾಲವಾದರೆ ಹದಿನೈದು ನಿಮಿಷ, 4,000ದ ಒಳಗಿರಿ. ಗೇರ್‌ಬಾಕ್ಸಿನ ಆಯಿಲೂ ಈ ಹೊತ್ತಿನಲ್ಲಿ ಬಿಸಿಯಾಗುತ್ತದೆ. ತಣ್ಣಗಿರುವಾಗ ಎರಡನೆಯ ಗೇರು ಬೀಳಲು ಹಠ ಮಾಡುವುದು ಈ ಕಾರಿನ ಹಳೆಯ ಗುಣ. ಒತ್ತಡದ ಮೀಟರಿನ ಬಗ್ಗೆ ಒಂದು ಮಾತು: ಆರಂಭದ ವರ್ಷಗಳ ಕಾರುಗಳಲ್ಲಿ ಅದು ನಿಜವಾದ ಒತ್ತಡವನ್ನು ತೋರಿಸುತ್ತದೆ, 1995ರ ನಂತರದವುಗಳಲ್ಲಿ ಅದು ಬರಿಯ ಸ್ವಿಚ್ಚಿನಂತೆ ವರ್ತಿಸಿ ಮಧ್ಯದಲ್ಲಿ ನಿಂತುಬಿಡುತ್ತದೆ. ನಂತರದ ಕಾರುಗಳ ಮುಳ್ಳು ಸ್ಥಿರವಾಗಿದೆ ಎಂಬುದರಿಂದ ಧೈರ್ಯ ತೆಗೆದುಕೊಳ್ಳಬೇಡಿ.

ಏರಿಸುವ ಬಗೆ

ಬಹಳ ಕಾಲ ನಿಂತಿದ್ದ ಕಾರನ್ನು ಮೊದಲ ದಿನವೇ 7,000ಕ್ಕೆ ಒಯ್ಯಬೇಡಿ. ಮೊದಲ ವಾರ 4,500, ಮುಂದಿನ ವಾರ 5,500, ಆಮೇಲೆ 6,500 ಹೀಗೆ ಮೇಲೇರಿ. ಪ್ರತಿ ಹಂತದಲ್ಲೂ ಹಿಂದೆ ಇರದಿದ್ದ ಸದ್ದು, ನಡುಕ, ವಾಸನೆಗಳಿವೆಯೇ ಎಂದು ಗಮನಿಸಲು ಇದರಿಂದ ಅವಕಾಶ ಸಿಗುತ್ತದೆ, ದೋಷವೇನಾದರೂ ಇದ್ದರೆ ಕಡಿಮೆ ಬಲದಲ್ಲೇ ಬಯಲಾಗುತ್ತದೆ.

ರೇಸ್ ಮಾಡುವುದು ಗೇರಿನಲ್ಲಿ, ರಸ್ತೆಯ ಮೇಲೆ ಆಗಬೇಕೇ ಹೊರತು ನ್ಯೂಟ್ರಲ್ಲಿನಲ್ಲಿ ಅಲ್ಲ. ನ್ಯೂಟ್ರಲ್ಲಿನಲ್ಲಿ ಎಂಜಿನ್ನಿಗೆ ಹೊರೆ ಇಲ್ಲದ ಕಾರಣ ಮುಳ್ಳು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಹಾರುತ್ತದೆ, ಹಳೆಯ ಮೀಟರುಗಳು ಅದನ್ನು ಹಿಂಬಾಲಿಸುವಷ್ಟರಲ್ಲಿ ಎಂಜಿನ್ ಮಿತಿ ದಾಟಿರುತ್ತದೆ. ಸ್ನೇಹಿತರಿಗೆ ಸದ್ದು ಕೇಳಿಸಲು ನಿಂತ ಕಾರನ್ನು ರೇಸ್ ಮಾಡುವವರಿಗೆ ಇದನ್ನು ಎಷ್ಟು ಹೇಳಿದರೂ ಕಡಿಮೆ.

ಎರಡನೆಯ ಗೇರು ಇದಕ್ಕೆ ಅತ್ಯಂತ ಅನುಕೂಲ. ಆ ಗೇರಿನಲ್ಲಿ 7,000 ತಲುಪಿದಾಗ ಕಾರಿನ ವೇಗ ಸುಮಾರು 90 ಕಿ.ಮೀ. ಮಾತ್ರ; ಹೆದ್ದಾರಿಗೆ ಸೇರುವ ಖಾಲಿ ರಸ್ತೆಯಲ್ಲಿ ಕಾನೂನಿನ ಒಳಗೇ ಎಂಜಿನ್ನಿನ ಪೂರ್ತಿ ಶಕ್ತಿಯನ್ನು ಅನುಭವಿಸಬಹುದು. ಮೂರನೆಯ ಗೇರಿನಲ್ಲಾದರೆ ಅದೇ ಮುಳ್ಳಿಗೆ ವೇಗ 130 ದಾಟುತ್ತದೆ, ಅದು ಬಹುತೇಕ ರಸ್ತೆಗಳಲ್ಲಿ ಅಪರಾಧ. ಆಕ್ಸಿಲರೇಟರನ್ನು ಒಮ್ಮೆಲೇ ತುಳಿಯದೆ 3,000ದಿಂದ ಕ್ರಮವಾಗಿ ಒತ್ತುತ್ತಾ ಹೋಗಿ, 6,500 ದಾಟಿ ಮುಳ್ಳು ಕೆಂಪಿಗೆ ಬರುವ ಮೊದಲು ಮೂರನೆಯ ಗೇರಿಗೆ ಬದಲಿಸಿ. 7,000ದಲ್ಲಿ ಬದಲಿಸಿದರೆ ಮುಳ್ಳು ಸುಮಾರು 4,900ಕ್ಕೆ ಇಳಿಯುತ್ತದೆ; ಅಲ್ಲಿಂದ 5,500ರ ಗರಿಷ್ಠ ಟಾರ್ಕ್ ದೂರವಿಲ್ಲ. ವೇಗವೇ ಗುರಿಯಲ್ಲದಿದ್ದರೆ 6,500ರಲ್ಲೇ ಬದಲಿಸಿದರೂ ನಷ್ಟವೇನೂ ಆಗುವುದಿಲ್ಲ. ನಾನು ಅದನ್ನೇ ಶಿಫಾರಸು ಮಾಡುತ್ತೇನೆ. ಇಂಧನ ಕಡಿತವಾಗುವವರೆಗೂ ಹೋಗಿ ಕಾರು ಮುಗ್ಗರಿಸಿದ ಮೇಲೆ ಗೇರು ಬದಲಿಸುವ ಅಭ್ಯಾಸ ಬೇಡ. ಆ ಕಡಿತ ಇರುವುದು ಅಕಸ್ಮಾತ್ತಿಗೆ, ನಿತ್ಯದ ಬಳಕೆಗಲ್ಲ.

ತಪ್ಪು ಗೇರಿನ ಅಪಾಯ

ಇಂಧನ ಕಡಿತವೂ ತಡೆಯಲಾರದ ಒಂದು ಅಪಾಯವಿದೆ. ಮೂರನೆಯ ಗೇರಿನಲ್ಲಿ 7,000 ತಲುಪಿ ನಾಲ್ಕಕ್ಕೆ ಹಾಕಲು ಹೋಗಿ ಕೈ ತಪ್ಪಿ ಎರಡಕ್ಕೆ ಬಿದ್ದರೆ, ಕ್ಲಚ್ ಬಿಟ್ಟ ಗಳಿಗೆಯಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸತೊಡಗುತ್ತವೆ. ಮೂರನೆಯ ಗೇರಿನ ಅನುಪಾತ 1.330, ಎರಡನೆಯದು 1.888, ಆದ್ದರಿಂದ ಎಂಜಿನ್ 9,900 ಆರ್‌ಪಿಎಂ ದಾಟಬೇಕಾಗುತ್ತದೆ. ಮೇಲೆ ಹೇಳಿದ ವರ್ಗದ ಲೆಕ್ಕದಂತೆ ರಾಡುಗಳ ಮೇಲಿನ ಬಲ ಕೆಂಪು ಪಟ್ಟಿಯಲ್ಲಿ ಇದ್ದುದರ ಎರಡು ಪಟ್ಟಾಗುತ್ತದೆ. ಇಂಧನವಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಿಲ್ಲ, ಕಂಪ್ಯೂಟರ್ ಅಲ್ಲಿ ಅಸಹಾಯಕ. ಹೊಂಡಾ ಎಸ್2000 ಕಾರಿನ ಆರಂಭದ ಮಾದರಿಗಳಲ್ಲಿ ಹೀಗೆ ಕೈತಪ್ಪಿದ ನಂತರ ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ ರಿಟೇನರುಗಳು ಬಿರುಕು ಬಿಡುವುದು ಅದರ ಮಾಲೀಕರಿಗೆಲ್ಲ ಗೊತ್ತಿರುವ ಸಂಗತಿ. ಬಿರುಕು ಆ ದಿನ ಕಾಣದೆ ತಿಂಗಳುಗಳ ನಂತರ ಎಂಜಿನ್ನನ್ನು ಬಲಿ ತೆಗೆದುಕೊಳ್ಳಬಹುದು.

ಇದಕ್ಕೆ ಪರಿಹಾರ ಕೈಯ ಶಿಸ್ತು. ಮೂರರಿಂದ ನಾಲ್ಕಕ್ಕೆ ಹೋಗುವಾಗ ಗೇರ್ ಲಿವರನ್ನು ಮುಷ್ಟಿಯಲ್ಲಿ ಹಿಡಿದು ನಿಮ್ಮತ್ತ ಅಥವಾ ಆಚೆಗೆ ಎಳೆಯಬೇಡಿ. ತೆರೆದ ಅಂಗೈಯಿಂದ ನೇರವಾಗಿ ಹಿಂದಕ್ಕೆ ತಂದರೆ ಲಿವರು ತಾನಾಗಿಯೇ ಮಧ್ಯದ ಸಾಲಿನಲ್ಲಿ ಇಳಿಯುತ್ತದೆ. ಕೆಳಗಿನ ಗೇರಿಗೆ ಇಳಿಸುವಾಗ ಕೆಲವು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ: ನಾಲ್ಕರಿಂದ ಮೂರಕ್ಕೆ 5,000ದ ಕೆಳಗೆ, ಮೂರರಿಂದ ಎರಡಕ್ಕೆ 4,700ರ ಕೆಳಗೆ. ಎರಡೂ ಸಂದರ್ಭಗಳಲ್ಲಿ ಎಂಜಿನ್ 6,700ರ ಒಳಗೇ ಉಳಿಯುತ್ತದೆ. ಚಲಿಸುವ ಕಾರಿನಲ್ಲಿ ಒಂದನೆಯ ಗೇರಿಗೆ ಇಳಿಸುವ ಅಗತ್ಯ ಬೀಳುವುದೇ ಅಪರೂಪ.

ಕಡಿಮೆ ಆರ್‌ಪಿಎಂ ಎಂದರೆ ಕ್ಷೇಮವಲ್ಲ

ಊರಿನಲ್ಲಿ ಡ್ರೈವಿಂಗ್ ಕಲಿತ ನಮ್ಮಲ್ಲಿ ಅನೇಕರಿಗೆ ಮೈಲೇಜಿನ ಪಾಠ ರಕ್ತದಲ್ಲೇ ಇದೆ: ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಟಾಪ್ ಗೇರಿಗೆ ಹಾಕು, ಏರಿನಲ್ಲೂ ಆದಷ್ಟು ಇಳಿಸಬೇಡ. ಈ ಅಭ್ಯಾಸ ಇಂಥ ಎಂಜಿನ್ನಿಗೆ ಒಳ್ಳೆಯದಲ್ಲ. ಐದನೆಯ ಗೇರಿನಲ್ಲಿ 1,500 ಆರ್‌ಪಿಎಂನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಏರು ಹತ್ತಿಸಿದರೆ ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿರುತ್ತದೆ, ಬೇರಿಂಗುಗಳಲ್ಲಿ ಆಯಿಲಿನ ಪದರ ತೆಳುವಾಗಿರುತ್ತದೆ. ಈ 1.6 ಎಂಜಿನ್ನಿನಲ್ಲಿ ನಾಕ್ ಸೆನ್ಸರ್ ಇಲ್ಲ. ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ ಕುಟ್ಟುವುದು) ಆದರೆ ಅದನ್ನು ಪತ್ತೆಹಚ್ಚಿ ಇಗ್ನಿಷನ್ನನ್ನು ಹಿಂದಕ್ಕೆ ಹಾಕುವವರು ಯಾರೂ ಇಲ್ಲ, ಕೇಳಿಸಿಕೊಳ್ಳಲು ನಿಮ್ಮ ಕಿವಿಯೊಂದೇ. ಏರಿನಲ್ಲಿ ಒಂದು ಗೇರು ಇಳಿಸಿ 3,000 ಆರ್‌ಪಿಎಂ ಇಟ್ಟುಕೊಂಡು ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವುದು ಎಂಜಿನ್ನಿಗೆ ಹಗುರ. ಹಾಗೆಯೇ ವಾರಕ್ಕೊಮ್ಮೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನ ಆಯಿಲಿನಲ್ಲಿ ನೀರಿನ ಅಂಶ, ಪೆಟ್ರೋಲಿನ ಅಂಶ ಸೇರುತ್ತಾ ಹೋಗುತ್ತವೆ. ಅವು ಆವಿಯಾಗಲು ಅರ್ಧ ಗಂಟೆಯಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಒಂದೆರಡು ಸಲ ಕೆಂಪು ಪಟ್ಟಿ ಮುಟ್ಟಿಸಿದರೆ ಕಾರ್ಬನ್ ಎಲ್ಲ ಹಾರಿಹೋಗುತ್ತದೆ ಎಂಬ ಮಾತಿನಲ್ಲಿ ನನಗೆ ಅರ್ಧ ನಂಬಿಕೆ. ಉಪಯೋಗ ಆ ದೀರ್ಘ, ಬಿಸಿಯಾದ ಓಟದ್ದೇ ಹೆಚ್ಚು.

ಹೆದ್ದಾರಿಯಲ್ಲಿ 120 ಕಿ.ಮೀ. ವೇಗದಲ್ಲಿ ಮುಳ್ಳು 3,900ರ ಸುಮಾರಿಗೆ ಗಂಟೆಗಟ್ಟಲೆ ನಿಲ್ಲುತ್ತದೆ. ಇಂದಿನ ಕಾರುಗಳಿಗೆ ಒಗ್ಗಿದವರಿಗೆ ಇದು ಗದ್ದಲವೆನಿಸಿದರೂ ಈ ಎಂಜಿನ್ನಿಗೆ ಅದು ಶ್ರಮವಲ್ಲ.

ಓಟದ ನಂತರ

ಕೊನೆಯ ನಾಲ್ಕೈದು ಕಿಲೋಮೀಟರುಗಳನ್ನು 3,000ದ ಒಳಗೆ ನಿಧಾನವಾಗಿ ಓಡಿಸಿ ಬಿಸಿ ಇಳಿಸಿ. ಕಾರು ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ನಿಂತ ಮೇಲೆ ಡಿಪ್‌ಸ್ಟಿಕ್ ನೋಡಿ. ಹೆಚ್ಚು ಆರ್‌ಪಿಎಂನಲ್ಲಿ, ಅದರಲ್ಲೂ ಹೆಚ್ಚು ಆರ್‌ಪಿಎಂನಿಂದ ಆಕ್ಸಿಲರೇಟರ್ ಬಿಟ್ಟು ಎಂಜಿನ್ ಬ್ರೇಕಿಂಗಿನಲ್ಲಿ ಇಳಿಯುವಾಗ, ಹಳೆಯ ಎಂಜಿನ್ ಆಯಿಲ್ ಕುಡಿಯುತ್ತದೆ. ಮಟ್ಟ ಇಳಿದಿದ್ದರೆ ಆಗಲೇ ತುಂಬಿಸಿ, ಏಕೆಂದರೆ ಕಡಿಮೆ ಆಯಿಲಿನಲ್ಲಿ ಉದ್ದನೆಯ ತಿರುವು ತೆಗೆದುಕೊಂಡಾಗ ಪಂಪು ಗಾಳಿ ಎಳೆಯಬಹುದು. ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ರಿಂಗುಗಳನ್ನೂ, ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಬಂದರೆ ವಾಲ್ವಿನ ಸೀಲುಗಳನ್ನೂ ಅನುಮಾನಿಸಿ. ಸೀಲು ಸವೆದಿರುವ ಕಾರನ್ನು ಆಯಿಲ್ ತುಂಬಿಸುತ್ತಾ ವರ್ಷಗಟ್ಟಲೆ ಓಡಿಸಬಹುದು. ರಿಂಗು ಸವೆದಿದ್ದರೆ 5,000ಕ್ಕೆ ಮಿತಿ ಹಾಕಿಕೊಂಡು ಎಂಜಿನ್ ಕೆಲಸಕ್ಕೆ ಹಣ ಕೂಡಿಡಲು ಶುರುಮಾಡಿ. 1,000 ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಆಯಿಲ್ ಹೋಗುತ್ತಿದ್ದರೆ ಕಾರಣ ಸಿಗುವವರೆಗೆ ಕೆಂಪು ಪಟ್ಟಿಯ ಹತ್ತಿರ ಹೋಗುವುದನ್ನು ನಿಲ್ಲಿಸಿ.